ಒಂದು ಕರೆಗಂಟೆಗೆ ಇಬ್ಬರು: ಹಳೆಯ ಪಿಸಿಗಳಲ್ಲಿ ಧ್ವನಿ ಕಾರ್ಡಿನ ಘರ್ಷಣೆ

ಇಂದು ಗಣಕಯಂತ್ರ ಕೊಳ್ಳುವವರು ಅದರಿಂದ ಧ್ವನಿ ಹೊರಡುತ್ತದೆಯೇ ಎಂದು ಅಂಗಡಿಯವರನ್ನು ಕೇಳುವುದಿಲ್ಲ. ಹಾಡು, ಪಾಠದ ವಿಡಿಯೊ, ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶ ಎಲ್ಲವೂ ತಾನಾಗಿ ಕೇಳಿಸಬೇಕೆಂದೇ ನಮ್ಮ ನಿರೀಕ್ಷೆ. ಸುಮಾರು 1990ರಿಂದ 2000ದವರೆಗೆ ಪರಿಸ್ಥಿತಿ ಹೀಗಿರಲಿಲ್ಲ. ಪಿಸಿಯಿಂದ ಧ್ವನಿ ಬರಬೇಕಾದರೆ ಪ್ರತ್ಯೇಕವಾಗಿ ಧ್ವನಿ ಕಾರ್ಡ್ ತಂದು, ಪೆಟ್ಟಿಗೆ ಬಿಚ್ಚಿ, ಮದರ್‌ಬೋರ್ಡಿನ ಸ್ಲಾಟಿನಲ್ಲಿ ಕೂರಿಸಬೇಕಿತ್ತು. ಕೂರಿಸಿದ ಮೇಲೆ ಧ್ವನಿ ಬಂದರೆ ಪುಣ್ಯ. ಬಾರದಿದ್ದರೂ ಆಶ್ಚರ್ಯವಿರಲಿಲ್ಲ. ಕೆಲವೊಮ್ಮೆ ಅದುವರೆಗೆ ಸರಿಯಾಗಿದ್ದ ಮೌಸ್ ನಿಂತುಹೋಗುತ್ತಿತ್ತು, ಮುದ್ರಕ ನಡುವೆಯೇ ಸುಮ್ಮನಾಗುತ್ತಿತ್ತು, ಇಲ್ಲವೇ ಧ್ವನಿಯ ಒಂದು ಚೂರು ಮಾತ್ರ ಮತ್ತೆ ಮತ್ತೆ ಕೇಳಿಸುತ್ತಿತ್ತು. ಹೊಸ ಕಾರ್ಡನ್ನು ತೆಗೆದರೆ ಎಲ್ಲವೂ ಮೊದಲಿನಂತೆ!

ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದು ಭಾಗವೂ ಸರಿಯಾಗಿರುತ್ತದೆ, ಒಟ್ಟಿಗೆ ಇಟ್ಟರೆ ಕೆಡುತ್ತದೆ. ಇದನ್ನೇ ಯಂತ್ರಾಂಶ ಘರ್ಷಣೆ ಎನ್ನುವುದು. ಕಾರಣ ತಿಳಿಯದವರು ‘ಕಾರ್ಡ್ ಕೆಟ್ಟಿದೆ’ ಎಂದು ತೀರ್ಮಾನಿಸುವುದು ಸಹಜ. ಬೆಂಗಳೂರಿನ ಎಸ್.ಪಿ. ರಸ್ತೆಯ ಪಕ್ಕದಲ್ಲೇ ಇರುವವರಿಗೆ ಇದು ಅರ್ಧ ದಿನದ ತೊಂದರೆ. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದಂಥ ಹೋಬಳಿ ಕೇಂದ್ರದಲ್ಲಿ ಇರುವವರಿಗೆ ಹಾಗಲ್ಲ. ಬಂಗಾರಪೇಟೆಯಿಂದಲೇ ಬೆಂಗಳೂರು ರೈಲಿನಲ್ಲಿ ಸುಮಾರು 70 ಕಿ.ಮೀ. ಕಾರ್ಡ್ ಬದಲಾಯಿಸಲು ಹೋಗಿ ಬರುವ ಖರ್ಚು, ಕಳೆದುಹೋದ ದಿನ, ಹೊಸ ಕಾರ್ಡನ್ನು ತಂದು ಹಾಕಿದಾಗ ಮತ್ತೆ ಅದೇ ತೊಂದರೆ. ಪೆಟ್ಟಿಗೆಯೊಳಗೆ ನಡೆಯುತ್ತಿದ್ದುದು ಏನು ಎಂಬ ತಿಳಿವಳಿಕೆಯೇ ಇಲ್ಲಿ ಹಣ ಉಳಿಸುತ್ತಿತ್ತು. ಆ ತಿಳಿವಳಿಕೆಯ ಬೇರು 1981ರ ಒಂದು ವಿನ್ಯಾಸದಲ್ಲಿದೆ.

ಮೂಕನಲ್ಲ, ತೊದಲು

1981ರ ಆಗಸ್ಟ್ 12ರಂದು ಐಬಿಎಂ ಸಂಸ್ಥೆ ತನ್ನ ಪಿಸಿಯನ್ನು ಬಿಡುಗಡೆ ಮಾಡಿತು. ಅದು ಕಚೇರಿಯ ಲೆಕ್ಕಪತ್ರಕ್ಕೆಂದು ಯೋಚಿಸಿದ ಯಂತ್ರ. ಅದರಲ್ಲಿ ಒಂದು ಪುಟ್ಟ ಸ್ಪೀಕರ್ ಇತ್ತು. ಸಮಯಸೂಚಕ ಚಿಪ್ಪಿನಿಂದ ಬರುವ ಚೌಕಾಕಾರದ ತರಂಗವನ್ನು ಅದಕ್ಕೆ ಕೊಟ್ಟರೆ ‘ಬೀಪ್’ ಎನ್ನುತ್ತಿತ್ತು. ಒಮ್ಮೆಗೆ ಒಂದೇ ಸ್ವರ, ಅಷ್ಟೆ.

ಶಾಲೆಗಳಿಗೆಂದು ಬಂದ ಗಣಕಗಳು ಈ ವಿಷಯದಲ್ಲಿ ಮುಂದಿದ್ದವು. 1984ರಲ್ಲಿ ಭಾರತ ಸರ್ಕಾರ ‘ಕ್ಲಾಸ್’ ಯೋಜನೆಯಡಿ ದೇಶದ 250 ಶಾಲೆಗಳಲ್ಲಿ ಗಣಕ ಶಿಕ್ಷಣ ಆರಂಭಿಸಿದಾಗ ಬಳಸಿದ ಬಿಬಿಸಿ ಮೈಕ್ರೊ ಗಣಕದಲ್ಲಿ ಧ್ವನಿಯ ಚಿಪ್ ಒಳಗೇ ಇತ್ತು. ಅದು ಏಕಕಾಲಕ್ಕೆ ಮೂರು ಸ್ವರಗಳನ್ನೂ ಒಂದು ಗದ್ದಲವನ್ನೂ ಹೊರಡಿಸಬಲ್ಲದಾಗಿತ್ತು. ಧ್ವನಿ ಒಳಗೇ ಇದ್ದುದರಿಂದ ಘರ್ಷಣೆಯ ಪ್ರಶ್ನೆಯೇ ಏಳಲಿಲ್ಲ.

ಪಿಸಿಯ ಹೆಚ್ಚುಗಾರಿಕೆ ಬೇರೆಡೆ ಇತ್ತು. ಅದರ ಮದರ್‌ಬೋರ್ಡಿನಲ್ಲಿ ಐದು ಸ್ಲಾಟುಗಳಿದ್ದವು. ಅವುಗಳ ವಿವರವನ್ನು ಐಬಿಎಂ ಮುಚ್ಚಿಡಲಿಲ್ಲ. ಯಾರು ಬೇಕಾದರೂ ಕಾರ್ಡ್ ತಯಾರಿಸಿ ಮಾರಬಹುದಿತ್ತು. 1987ರಲ್ಲಿ ಕೆನಡಾದ ಆಡ್‌ಲಿಬ್ ಕಂಪನಿ ಯಮಹಾ ಚಿಪ್ಪಿದ್ದ ಸಂಗೀತ ಕಾರ್ಡ್ ತಂದಿತು. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿ ‘ಸೌಂಡ್ ಬ್ಲಾಸ್ಟರ್’ ತಂದಿತು. ಇದರಲ್ಲಿ ಅದೇ ಯಮಹಾ ಚಿಪ್ ಜೊತೆಗೆ, ಧ್ವನಿಮುದ್ರಣ ಮಾಡಿದ ಮಾತನ್ನೂ ನುಡಿಸುವ ಅನುಕೂಲವಿತ್ತು. ಘರ್ಷಣೆಯ ಕಥೆ ನಿಜವಾಗಿ ಶುರುವಾಗುವುದು ಈ ಮಾತಿನಿಂದ. ಆಡ್‌ಲಿಬ್ ಕಾರ್ಡಿಗೆ ಸಂಸ್ಕಾರಕವನ್ನು ಕೂಗಿ ಕರೆಯುವ ಅಗತ್ಯವಿರಲಿಲ್ಲ. ಸೌಂಡ್ ಬ್ಲಾಸ್ಟರಿಗೆ ಇತ್ತು.

ಗಣಿಯ ಗಂಟೆ, ಗಣಕದ ಗಂಟೆ

ಕರೆಯುವುದೆಂದರೇನು? ಕೋಲಾರದ ಚಿನ್ನದ ಗಣಿಗಳನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಶಾಫ್ಟಿನಲ್ಲಿ ಕೇಜನ್ನು ಏರಿಸಿ ಇಳಿಸುವ ವೈಂಡಿಂಗ್ ಇಂಜಿನ್ನಿನ ಚಾಲಕ ನೆಲದ ಮೇಲಿನ ಕೊಠಡಿಯಲ್ಲಿ ಕುಳಿತಿರುತ್ತಾನೆ. ಆಳದಲ್ಲಿ ನಿಂತವರು ಅವನಿಗೆ ಕಾಣರು. ಪ್ರತಿ ಮಟ್ಟದವರನ್ನೂ ‘ನಿಮಗೇನಾದರೂ ಬೇಕೆ?’ ಎಂದು ಅವನು ಕೇಳುತ್ತ ಕೂರುವುದೂ ಆಗದು. ಆದ್ದರಿಂದ ಗಂಟೆ ಇದೆ. ಬೇಕಾದವರು ಬಾರಿಸುತ್ತಾರೆ. ಎಷ್ಟು ಬಡಿತಕ್ಕೆ ಏನು ಅರ್ಥ ಎಂಬುದು ನಿಗದಿಯಾಗಿರುತ್ತದೆ. ಆ ಪಟ್ಟಿಯನ್ನು ಚಾಲಕನ ಕೊಠಡಿಯಲ್ಲೂ ಶಾಫ್ಟಿನ ಬಳಿಯೂ ತೂಗುಹಾಕಿರಬೇಕೆಂಬುದು ಗಣಿಗಳ ನಿಯಮ. ಯಾರು, ಏತಕ್ಕಾಗಿ ಕರೆದರು ಎಂಬುದರಲ್ಲಿ ಗೊಂದಲವಾದರೆ ಜೀವಕ್ಕೇ ಅಪಾಯವಲ್ಲವೆ?

ಗಣಕದ ಸಂಸ್ಕಾರಕವೂ ಇಂಥ ಚಾಲಕ. ಕೀಲಿಮಣೆಯ ಗುಂಡಿ ಒತ್ತಿದಾಗ, ಡಿಸ್ಕಿನಿಂದ ದತ್ತಾಂಶ ಸಿದ್ಧವಾದಾಗ ಆಯಾ ಸಾಧನ ಒಂದು ತಂತಿಯ ಮೂಲಕ ಸಂಜ್ಞೆ ಕಳಿಸುತ್ತದೆ. ಸಂಸ್ಕಾರಕ ಮಾಡುತ್ತಿರುವ ಕೆಲಸವನ್ನು ನಿಲ್ಲಿಸಿ, ನಿಲ್ಲಿಸಿದ ಜಾಗವನ್ನು ನೆನಪಿಟ್ಟುಕೊಂಡು, ಕರೆದ ಸಾಧನದ ಕೆಲಸ ಮುಗಿಸಿ ಹಿಂದಿರುಗುತ್ತದೆ. ಇದಕ್ಕೆ ಇಂಟರಪ್ಟ್ ಎಂದು ಹೆಸರು. ಕರೆಯುವ ತಂತಿಯನ್ನು ಐಆರ್‌ಕ್ಯೂ ಎನ್ನುತ್ತಾರೆ. ನಾವು ಇಲ್ಲಿ ‘ಕರೆತಂತಿ’ ಎನ್ನೋಣ.

1981ರ ಪಿಸಿಯಲ್ಲಿ ಕರೆಗಳನ್ನು ನೋಡಿಕೊಳ್ಳುತ್ತಿದ್ದುದು ಇಂಟೆಲ್ 8259ಎ ಎಂಬ ಚಿಪ್. ಅದಕ್ಕಿದ್ದುದು ಎಂಟೇ ಕರೆತಂತಿಗಳು. ಅವುಗಳ ಹಂಚಿಕೆ ಕ್ರಮೇಣ ಹೀಗೆ ರೂಢಿಯಾಯಿತು:

0 – ಸಮಯಸೂಚಕ
1 – ಕೀಲಿಮಣೆ
2 – ಮುಂದಿನ ಬಳಕೆಗೆ ಮೀಸಲು
3 – ಎರಡನೆಯ ಸೀರಿಯಲ್ ಪೋರ್ಟ್
4 – ಮೊದಲನೆಯ ಸೀರಿಯಲ್ ಪೋರ್ಟ್
5 – ಹಾರ್ಡ್ ಡಿಸ್ಕ್ (ಮುಂದೆ ಎರಡನೆಯ ಮುದ್ರಕ)
6 – ಫ್ಲಾಪಿ ಡ್ರೈವ್
7 – ಮುದ್ರಕ

1984ರ ಪಿಸಿ ಎಟಿ ಮಾದರಿಯಲ್ಲಿ ಇನ್ನೊಂದು 8259ಎ ಚಿಪ್ ಸೇರಿಸಿದರು. ಅದು ಮೊದಲನೆಯ ಚಿಪ್ಪಿನ 2ನೇ ತಂತಿಗೆ ಜೋಡಣೆಯಾದ್ದರಿಂದ ಹದಿನಾರರಲ್ಲಿ ಒಂದು ಅದಕ್ಕೇ ವ್ಯಯವಾಗಿ, ಹದಿನೈದು ಉಳಿದವು. ಆದರೆ ಹೊಸದಾಗಿ ಬಂದ 10, 11, 12ರಂಥ ತಂತಿಗಳು ಉದ್ದನೆಯ 16 ಬಿಟ್ ಸ್ಲಾಟಿನಲ್ಲಿ ಮಾತ್ರ ಲಭ್ಯ. 8 ಬಿಟ್ಟಿನ ಹಳೆಯ ಮಾದರಿಯ ಕಾರ್ಡುಗಳು ಹಳೆಯ ತಂತಿಗಳಿಗೇ ಕಿತ್ತಾಡಬೇಕಾಯಿತು. ಮೊದಲ ಸೌಂಡ್ ಬ್ಲಾಸ್ಟರ್ ಅಂಥ 8 ಬಿಟ್ ಕಾರ್ಡ್.

ಧ್ವನಿ ಕಾರ್ಡಿನ ಮೂರು ಬೇಡಿಕೆ

ಧ್ವನಿ ಕಾರ್ಡಿಗೆ ಕರೆತಂತಿಯೊಂದೇ ಸಾಲದು. ಅದಕ್ಕೆ ಮೂರು ಸಂಪನ್ಮೂಲಗಳು ಬೇಕು.

ಮೊದಲನೆಯದು ಪೋರ್ಟ್ ವಿಳಾಸ. ಸಂಸ್ಕಾರಕ ಕಾರ್ಡಿಗೆ ಆದೇಶ ಕೊಡುವ ಬಾಗಿಲಿನ ಸಂಖ್ಯೆ ಇದು. ಸೌಂಡ್ ಬ್ಲಾಸ್ಟರ್ ಸಾಮಾನ್ಯವಾಗಿ ಹದಿನಾರು ಆಧಾರದ ಎಣಿಕೆಯಲ್ಲಿ 220, ಅಂದರೆ ನಮ್ಮ ಲೆಕ್ಕದಲ್ಲಿ 544ನೇ ಬಾಗಿಲನ್ನು ಬಳಸುತ್ತಿತ್ತು. ಎರಡನೆಯದು ಕರೆತಂತಿ. ಮೂರನೆಯದು ಡಿಎಂಎ ಮಾರ್ಗ. ಸಂಸ್ಕಾರಕದ ಕೈಗೆ ಕೆಲಸ ಕೊಡದೆ ಸ್ಮೃತಿಯಿಂದ ಕಾರ್ಡಿಗೆ ನೇರವಾಗಿ ದತ್ತಾಂಶ ಹರಿಯುವ ಕಾಲುವೆ ಇದು. ಮೊದಲ ಪಿಸಿಯಲ್ಲಿ ಇಂಥ ನಾಲ್ಕು ಮಾರ್ಗಗಳಿದ್ದವು. 0 ಸ್ಮೃತಿಯ ನವೀಕರಣಕ್ಕೆ, 2 ಫ್ಲಾಪಿಗೆ, 3 ಹಾರ್ಡ್ ಡಿಸ್ಕಿಗೆ ಹೋಗಿ ಉಳಿದುದು 1. ಧ್ವನಿ ಕಾರ್ಡುಗಳು ಆರಿಸಿಕೊಂಡದ್ದೂ ಅದನ್ನೇ.

ಈ ಮೂರೂ ಏಕೆ ಬೇಕೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಧ್ವನಿತರಂಗವನ್ನು ಸೆಕೆಂಡಿಗೆ 22,050 ಬಾರಿ ಅಳೆದು, ಪ್ರತಿ ಅಳತೆಯನ್ನು ಒಂದು ಬೈಟಿನಲ್ಲಿ ಇಟ್ಟರೆ ಸೆಕೆಂಡಿಗೆ 22,050 ಬೈಟುಗಳು ಕಾರ್ಡಿಗೆ ಬರಬೇಕು. ಸ್ಮೃತಿಯಲ್ಲಿ 4,096 ಬೈಟುಗಳ ಒಂದು ತೊಟ್ಟಿ ಇಟ್ಟಿದ್ದೇವೆ ಎನ್ನಿ. ಕಾರ್ಡ್ ಅದರ ಅರ್ಧವನ್ನು, ಅಂದರೆ 2,048 ಬೈಟುಗಳನ್ನು ನುಡಿಸಿ ಮುಗಿಸಿದೊಡನೆ ಗಂಟೆ ಬಾರಿಸುತ್ತದೆ. ಅದು ಉಳಿದರ್ಧ ನುಡಿಸುತ್ತಿರುವಾಗ ಸಂಸ್ಕಾರಕ ಖಾಲಿಯಾದ ಅರ್ಧವನ್ನು ತುಂಬಬೇಕು. 22,050ನ್ನು 2,048ರಿಂದ ಭಾಗಿಸಿ: ಸೆಕೆಂಡಿಗೆ ಸುಮಾರು 11 ಕರೆಗಳು. ಒಂದು ಕರೆ ತಪ್ಪಿದರೂ ತೊಟ್ಟಿಗೆ ಹೊಸ ಧ್ವನಿ ಬೀಳದು. ಕಾರ್ಡ್ ಹಳೆಯದನ್ನೇ ಮತ್ತೆ ನುಡಿಸುತ್ತದೆ. ಒಂದೇ ಚೂರು ಮತ್ತೆ ಮತ್ತೆ ಕೇಳಿಸುತ್ತಿದ್ದುದರ ಗುಟ್ಟು ಇದು!

ಹೀಗೆ ತೊಂದರೆಯ ಲಕ್ಷಣವೇ ಕಾರಣವನ್ನು ಹೇಳುತ್ತಿತ್ತು. ಕಾರ್ಡ್ ಇಲ್ಲವೇ ಇಲ್ಲ ಎಂದು ತಂತ್ರಾಂಶ ಹೇಳಿದರೆ ಮೊದಲು ಪೋರ್ಟ್ ವಿಳಾಸವನ್ನು ಶಂಕಿಸಬೇಕು. ಕಾರ್ಡ್ ಸಿಕ್ಕಿದೆ, ಆದರೆ ಮುದ್ರಿತ ಮಾತು ಬರುವುದೇ ಇಲ್ಲ ಅಥವಾ ಬರೀ ಗದ್ದಲ ಎಂದರೆ ಡಿಎಂಎ ಮಾರ್ಗವನ್ನು. ಆರಂಭದ ಚೂರು ಕೇಳಿಸಿ ನಿಂತರೆ ಅಥವಾ ಸುತ್ತುತ್ತಿದ್ದರೆ ಕರೆತಂತಿಯನ್ನು. ವೈದ್ಯರು ಜ್ವರದ ಬಗೆ ನೋಡಿ ರೋಗ ಊಹಿಸುವಂತೆ, ನುರಿತ ತಂತ್ರಜ್ಞರು ಕಿವಿಯಿಂದಲೇ ರೋಗ ಹಿಡಿಯುತ್ತಿದ್ದರು.

ಹಂಚಿಕೊಳ್ಳಲು ಏಕಾಗಲಿಲ್ಲ?

ಎರಡು ಸಾಧನಗಳು ಒಂದೇ ಗಂಟೆಯನ್ನು ಬಳಸಿದರೇನು, ಯಾರು ಕರೆದರೆಂದು ಕೇಳಿ ತಿಳಿದರಾಯಿತಲ್ಲ ಎಂದು ವಿದ್ಯಾರ್ಥಿಗಳು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಉತ್ತರ ವಿದ್ಯುತ್ ಸಂಜ್ಞೆಯ ರೀತಿಯಲ್ಲಿದೆ.

ಹಳೆಯ ಪಿಸಿಯ ಕರೆತಂತಿಯಲ್ಲಿ ಸಂಜ್ಞೆಯೆಂದರೆ ವೋಲ್ಟತೆ ಕೆಳಮಟ್ಟದಿಂದ ಮೇಲ್ಮಟ್ಟಕ್ಕೆ ಏರುವ ಕ್ಷಣ. ಏರಿದ ಸ್ಥಿತಿಯಲ್ಲ, ಏರುವ ಕ್ರಿಯೆ. ಒಂದು ಕಾರ್ಡ್ ತಂತಿಯನ್ನು ಮೇಲಕ್ಕೆ ಎತ್ತಿ ಹಿಡಿದಿರುವಾಗ ಇನ್ನೊಂದು ಕಾರ್ಡ್ ಎತ್ತಲು ಹೋದರೆ ಏರುವುದಕ್ಕೆ ಏನೂ ಉಳಿದಿರುವುದಿಲ್ಲ. ಎರಡನೆಯ ಕರೆ ಕಳೆದುಹೋಯಿತು. ಅದಕ್ಕಿಂತ ಕೆಟ್ಟದ್ದು, ಒಂದು ಕಾರ್ಡ್ ಸುಮ್ಮನಿದ್ದಾಗಲೂ ತಂತಿಯನ್ನು ಕೆಳಮಟ್ಟದಲ್ಲಿ ಬಲವಾಗಿ ಹಿಡಿದಿರಬಹುದು. ಆಗ ಇನ್ನೊಂದರ ಕರೆ ಚಿಪ್ಪಿಗೆ ಮುಟ್ಟುವುದೇ ಇಲ್ಲ.

ಮೊದಲ ಸೌಂಡ್ ಬ್ಲಾಸ್ಟರುಗಳು ಕಾರ್ಖಾನೆಯಿಂದ ಬರುವಾಗ 7ನೇ ತಂತಿಗೆ ಹೊಂದಿಸಿಕೊಂಡು ಬರುತ್ತಿದ್ದವು. ಅದು ಮುದ್ರಕದ ತಂತಿ. ಆದರೂ ಡಾಸ್ ಬಳಸುತ್ತಿದ್ದವರಲ್ಲಿ ಅನೇಕರಿಗೆ ತೊಂದರೆಯೇ ಆಗಲಿಲ್ಲ. ಏಕೆಂದರೆ ಡಾಸ್ ಮುದ್ರಿಸುವಾಗ ಗಂಟೆಗಾಗಿ ಕಾಯುತ್ತಿರಲಿಲ್ಲ, ಮುದ್ರಕ ಸಿದ್ಧವೇ ಎಂದು ತಾನೇ ಇಣುಕಿ ನೋಡುತ್ತಿತ್ತು. ಗಂಟೆಯನ್ನೇ ನಂಬಿ ಮುದ್ರಿಸುವ ಓಎಸ್/2ರಂಥ ವ್ಯವಸ್ಥೆ ಹಾಕಿದಾಗ ಅದೇ ಯಂತ್ರದಲ್ಲಿ, ಅದೇ ಕಾರ್ಡಿನೊಂದಿಗೆ ಘರ್ಷಣೆ ಎದ್ದು ನಿಲ್ಲುತ್ತಿತ್ತು. ‘ನಿನ್ನೆಯವರೆಗೆ ಸರಿಯಾಗಿತ್ತು’ ಎಂಬ ದೂರಿನ ಹಿಂದೆ ಎಷ್ಟೋ ಬಾರಿ ಇದ್ದುದು ಇಂಥ ಕಾರಣ. ಸೀರಿಯಲ್ ಪೋರ್ಟುಗಳಲ್ಲೂ ಇದೇ ಕತೆ. ಮೊದಲ ಮತ್ತು ಮೂರನೆಯ ಪೋರ್ಟುಗಳೆರಡಕ್ಕೂ 4ನೇ ತಂತಿ. ಒಂದರಲ್ಲಿ ಮೌಸ್, ಇನ್ನೊಂದರಲ್ಲಿ ಮೋಡೆಮ್ ಇಟ್ಟರೆ, ಮೋಡೆಮ್ ಕರೆ ಮಾಡಿದ ಕೂಡಲೇ ಮೌಸ್ ಕಲ್ಲಾಗುತ್ತಿತ್ತು.

ಜಂಪರ್ ಮತ್ತು ಒಂದು ಹಾಳೆ ಕಾಗದ

ಪರಿಹಾರದ ಸಾಧನ ಕಡಲೆಕಾಳಿಗಿಂತ ಚಿಕ್ಕದು. ಕಾರ್ಡಿನ ಮೇಲೆ ಎದ್ದುನಿಂತ ಜೋಡಿ ಸೂಜಿಗಳ ಮೇಲೆ ತೊಡಿಸುವ, ಒಳಗೆ ಲೋಹದ ಪಟ್ಟಿಯಿರುವ ಪ್ಲಾಸ್ಟಿಕ್ ಟೊಪ್ಪಿ. ಅದೇ ಜಂಪರ್. ಅದನ್ನು ಒಂದು ಜೋಡಿಯಿಂದ ತೆಗೆದು ಇನ್ನೊಂದಕ್ಕೆ ಹಾಕಿದರೆ ಕಾರ್ಡಿನ ಕರೆತಂತಿ 7ರಿಂದ 5ಕ್ಕೆ ಬದಲಾಗುತ್ತದೆ. ಆದರೆ ಎಲ್ಲಿಗೆ ಬದಲಿಸಬೇಕು? ಅದಕ್ಕೆ ಬೇಕಾದದ್ದು ಒಂದು ಹಾಳೆ ಕಾಗದ.

ಅನುಭವಿಗಳ ಕ್ರಮ ಹೀಗಿತ್ತು. ಪರದೆ ಮತ್ತು ಡಿಸ್ಕಿಗೆ ಬೇಕಾದವನ್ನು ಬಿಟ್ಟು ಉಳಿದ ಕಾರ್ಡುಗಳನ್ನು ತೆಗೆಯುವುದು. ಯಂತ್ರ ಸರಿಯಾಗಿ ಓಡುತ್ತದೆಂದು ಖಚಿತಪಡಿಸಿಕೊಳ್ಳುವುದು. ಯಾವ ಸಾಧನ ಯಾವ ವಿಳಾಸ, ಯಾವ ತಂತಿ, ಯಾವ ಮಾರ್ಗ ಹಿಡಿದಿದೆ ಎಂದು ಪಟ್ಟಿ ಬರೆಯುವುದು. ಡಾಸ್ ಮತ್ತು ವಿಂಡೋಸ್ 3.1ರ ಕಾಲದಲ್ಲಿ ಎಂಎಸ್‌ಡಿ ಎಂಬ ತಂತ್ರಾಂಶ ಇದಕ್ಕೆ ನೆರವಾಗುತ್ತಿತ್ತು. ಆಮೇಲೆ, ಆಯ್ಕೆ ಕಡಿಮೆಯಿರುವ ಕಾರ್ಡನ್ನು ಮೊದಲು, ಹೆಚ್ಚು ಆಯ್ಕೆಯಿರುವುದನ್ನು ಕೊನೆಗೆ ಕೂರಿಸುವುದು. ಒಂದೊಂದು ಕಾರ್ಡ್ ಹಾಕಿದಾಗಲೂ ಪರೀಕ್ಷಿಸುವುದು. ಒಮ್ಮೆಗೆ ಒಂದೇ ಬದಲಾವಣೆ. ಪ್ರಯೋಗಶಾಲೆಯಲ್ಲಿ ನಾವು ಮಕ್ಕಳಿಗೆ ಹೇಳಿಕೊಡುವ ನಿಯಮವೇ ತಾನೆ ಇದು?

ಜಾಗ ಸಾಲದಿದ್ದರೆ, ಬಳಸದ ಎರಡನೆಯ ಸೀರಿಯಲ್ ಪೋರ್ಟನ್ನು ಬಯಾಸ್ ವ್ಯವಸ್ಥೆಯಲ್ಲಿ ನಿಷ್ಕ್ರಿಯಗೊಳಿಸಿ 3ನೇ ತಂತಿಯನ್ನು ಬಿಡಿಸಿಕೊಳ್ಳಬಹುದಿತ್ತು. ಧ್ವನಿ ಕಾರ್ಡಿನಲ್ಲೂ ಇತರ ಕಾರ್ಡಿನಲ್ಲೂ ಆಟದ ಕೋಲಿನ ಪೋರ್ಟ್ ಇದ್ದರೆ ಎರಡರ ವಿಳಾಸವೂ ಒಂದೇ ಆದ್ದರಿಂದ ಒಂದನ್ನು ಮುಚ್ಚಬೇಕಿತ್ತು. ಕೊನೆಯಲ್ಲಿ, ಕಾರ್ಡಿಗೆ ಕೊಟ್ಟ ಸಂಖ್ಯೆಗಳನ್ನು ತಂತ್ರಾಂಶಕ್ಕೂ ತಿಳಿಸಬೇಕು. ಅದಕ್ಕಾಗಿ ಆಟೊಎಕ್ಸೆಕ್ ಕಡತದಲ್ಲಿ ‘ಸೆಟ್ ಬ್ಲಾಸ್ಟರ್=ಎ220 ಐ5 ಡಿ1’ ಎಂಬಂಥ ಸಾಲು ಬರೆಯುತ್ತಿದ್ದರು. ಎ ವಿಳಾಸಕ್ಕೆ, ಐ ಕರೆತಂತಿಗೆ, ಡಿ ಡಿಎಂಎಗೆ. ಜಂಪರ್ ಹೇಳುವುದೊಂದು, ಈ ಸಾಲು ಹೇಳುವುದೊಂದು ಆದರೆ ಯಾವ ಘರ್ಷಣೆಯೂ ಇಲ್ಲದೆಯೇ ಧ್ವನಿ ನಿಲ್ಲುತ್ತಿತ್ತು.

ಬೇರೆ ಬೇರೆ ಕಡೆಯ ಬಿಡಿಭಾಗ ತಂದು ಜೋಡಿಸಿದ ಪಿಸಿಗಳಲ್ಲಿ ಈ ಹಾಳೆಯ ಬೆಲೆ ಇನ್ನೂ ಹೆಚ್ಚು. ಆ ಭಾಗಗಳನ್ನು ಮೊದಲೇ ಯಾರೂ ಒಟ್ಟಿಗಿಟ್ಟು ಪರೀಕ್ಷಿಸಿರುತ್ತಿರಲಿಲ್ಲ.

ಕಾರ್ಡುಗಳೇ ಹೆಸರು ಹೇಳಿದಾಗ

ತಂತಿ ಹಂಚಿಕೊಳ್ಳಬಲ್ಲ, ಜಂಪರ್ ಬೇಡದ ವ್ಯವಸ್ಥೆಯನ್ನು ಐಬಿಎಂ 1987ರಲ್ಲೇ ಪಿಎಸ್/2 ಗಣಕಗಳಲ್ಲಿ ತಂದಿತ್ತು. ಆದರೆ ಅದರಲ್ಲಿ ಹಳೆಯ ಕಾರ್ಡುಗಳು ಕೂರುತ್ತಿರಲಿಲ್ಲ. ಬೇರೆ ಕಂಪನಿಗಳು ಅದನ್ನು ಬಳಸಲು ಪರವಾನಗಿ ಪಡೆಯಬೇಕಿತ್ತು. ಮಾರುಕಟ್ಟೆ ಹಳೆಯ ಸ್ಲಾಟನ್ನೇ ಹಿಡಿದುಕೊಂಡಿತು. ಕೈಯಲ್ಲಿರುವ ಕಾರ್ಡ್ ವ್ಯರ್ಥವಾಗದಿರಲಿ ಎಂಬ ಆಸೆಗೆ ಬಳಕೆದಾರರು ತೆತ್ತ ಬೆಲೆಯೇ ಇನ್ನೊಂದು ಹತ್ತು ವರ್ಷಗಳ ಘರ್ಷಣೆ.

1993ರಲ್ಲಿ ಇಂಟೆಲ್ ಮತ್ತು ಮೈಕ್ರೊಸಾಫ್ಟ್ ಹಳೆಯ ಸ್ಲಾಟಿಗೇ ಹೊಂದುವ ‘ಪ್ಲಗ್ ಅಂಡ್ ಪ್ಲೇ’ ವಿಧಾನವನ್ನು ಪ್ರಕಟಿಸಿದವು. ಇದರ ತಿರುಳು ಸೊಗಸಾಗಿದೆ. ಪ್ರತಿ ಕಾರ್ಡಿಗೂ ಕಾರ್ಖಾನೆಯಲ್ಲೇ 72 ಬಿಟ್ಟುಗಳ ಗುರುತು ಕೊಟ್ಟಿರುತ್ತಾರೆ. ಯಂತ್ರ ಆರಂಭವಾದಾಗ ಎಲ್ಲ ಕಾರ್ಡುಗಳೂ ಒಂದೇ ಬಾಗಿಲಲ್ಲಿ ಕಾದಿರುತ್ತವೆ. ಅವುಗಳಲ್ಲಿ ಒಂದನ್ನು ಮಾತ್ರ ಕರೆಯುವುದು ಹೇಗೆ?

ತರಗತಿಯಲ್ಲಿ ಇದನ್ನು ಮಾಡಿ ತೋರಿಸಬಹುದು. ಮೂವರು ಮಕ್ಕಳಿಗೆ 1011, 1001, 0110 ಎಂಬ ದ್ವಿಮಾನ ಸಂಖ್ಯೆಗಳ ಚೀಟಿ ಕೊಡಿ. ಶಿಕ್ಷಕರು ‘ಮೊದಲ ಅಂಕಿ’ ಎನ್ನಲಿ. 1 ಇರುವವರು ‘ಇದ್ದೇನೆ’ ಎನ್ನಬೇಕು. 0 ಇರುವವರು ಬಾಯಿ ತೆರೆಯದೆ ಕೇಳಿಸಿಕೊಳ್ಳಬೇಕು. ಯಾರದಾದರೂ ಧ್ವನಿ ಕೇಳಿಸಿದರೆ ಆ ಸುತ್ತಿನ ಮಟ್ಟಿಗೆ ಕುಳಿತುಬಿಡಬೇಕು. ಮೊದಲ ಅಂಕಿಗೆ 0110 ಕೂರುತ್ತದೆ. ಎರಡನೆಯ ಅಂಕಿ ಉಳಿದಿಬ್ಬರಲ್ಲೂ 0, ಯಾರೂ ಮಾತಾಡುವುದಿಲ್ಲ, ಯಾರೂ ಕೂರುವುದಿಲ್ಲ. ಮೂರನೆಯದಕ್ಕೆ 1001 ಕೂರುತ್ತದೆ. ಉಳಿದ 1011ಕ್ಕೆ ‘ನೀನು 1’ ಎಂದು ಕ್ರಮಸಂಖ್ಯೆ ಕೊಟ್ಟು ಪಕ್ಕಕ್ಕೆ ಕಳಿಸಿ, ಉಳಿದವರನ್ನು ಎಬ್ಬಿಸಿ ಮತ್ತೆ ಆರಂಭಿಸಿ. ಮೂರು ಸುತ್ತುಗಳಲ್ಲಿ ಮೂವರಿಗೂ ಸಂಖ್ಯೆ ಸಿಗುತ್ತದೆ. ಯಾರೊಬ್ಬರ ಹೆಸರೂ ಮೊದಲೇ ಗೊತ್ತಿರಬೇಕಿಲ್ಲ! ಕಾರ್ಡುಗಳು ಮಾಡುವುದೂ ಇದನ್ನೇ. ಆಮೇಲೆ ಪ್ರತಿ ಕಾರ್ಡೂ ತನಗೆ ಯಾವ ಯಾವ ತಂತಿ ಒಪ್ಪಿಗೆ ಎಂದು ಹೇಳುತ್ತದೆ. ಬಯಾಸ್ ಅಥವಾ ವಿಂಡೋಸ್ ಹಂಚುತ್ತದೆ. ಕಾಗದದ ಹಾಳೆಯ ಕೆಲಸ ಗಣಕದ ಪಾಲಾಯಿತು.

1995ರ ಆಗಸ್ಟ್ 24ರಂದು ಬಂದ ವಿಂಡೋಸ್ 95 ಈ ವಿಧಾನವನ್ನು ಮನೆಮನೆಗೆ ಮುಟ್ಟಿಸಿತು. ಘರ್ಷಣೆಯಿದ್ದ ಸಾಧನದ ಮುಂದೆ ‘ಡಿವೈಸ್ ಮ್ಯಾನೇಜರ್’ ಪಟ್ಟಿಯಲ್ಲಿ ಹಳದಿ ಚಿಹ್ನೆಯೊಳಗೆ ಉದ್ಗಾರವಾಚಕ ಕಾಣಿಸುತ್ತಿತ್ತು. ಆದರೂ ತೊಂದರೆ ಪೂರ್ತಿ ಹೋಗಲಿಲ್ಲ. ಜಂಪರ್ ಇರುವ ಹಳೆಯ ಕಾರ್ಡ್ ಈ ಹಾಜರಿಗೆ ಉತ್ತರಿಸುವುದೇ ಇಲ್ಲ. ಅದು ಕೂತಿರುವ ತಂತಿ ಖಾಲಿಯಿದೆಯೆಂದು ತಿಳಿದು ಬಯಾಸ್ ಅದನ್ನು ಹೊಸಬರಿಗೆ ಕೊಟ್ಟುಬಿಡುತ್ತಿತ್ತು. ಆ ತಂತಿಯನ್ನು ಹಳೆಯ ಕಾರ್ಡಿಗೆಂದು ಬಯಾಸ್‌ನಲ್ಲಿ ಕಾಯ್ದಿರಿಸುವುದು ಇದಕ್ಕೆ ಮದ್ದು. ಹಳತು ಹೊಸತು ಬೆರೆತ ಯಂತ್ರಗಳಲ್ಲಿ ಧ್ವನಿ ಕಾರ್ಡಿನ ಕಾಟ ಹೆಚ್ಚಾಗಿದ್ದುದು ಇದರಿಂದಲೇ.

ಮುಗಿಯದ ಪಾಠ

1992ರಲ್ಲಿ ಪ್ರಕಟವಾದ ಪಿಸಿಐ ಸ್ಲಾಟಿನಲ್ಲಿ ಕರೆಯ ರೀತಿಯೇ ಬದಲಾಯಿತು. ಅಲ್ಲಿ ಸಂಜ್ಞೆಯೆಂದರೆ ತಂತಿಯನ್ನು ಕೆಳಕ್ಕೆ ಎಳೆದು ಹಿಡಿಯುವುದು. ದೇವಸ್ಥಾನದ ಗಂಟೆಯ ಹಗ್ಗದಂತೆ ಎಷ್ಟು ಜನ ಬೇಕಾದರೂ ಎಳೆಯಬಹುದು. ಎಲ್ಲರೂ ಬಿಡುವವರೆಗೆ ಸಂಜ್ಞೆ ಇದ್ದೇ ಇರುವುದರಿಂದ, ಎಳೆದವರಾರೆಂದು ಒಬ್ಬೊಬ್ಬರನ್ನೇ ವಿಚಾರಿಸಲು ಸಂಸ್ಕಾರಕಕ್ಕೆ ಅವಕಾಶವಿದೆ. ಈಚಿನ ಪಿಸಿಐ ಎಕ್ಸ್‌ಪ್ರೆಸ್ ಸಾಧನಗಳಿಗೆ ಪ್ರತ್ಯೇಕ ತಂತಿಯೇ ಬೇಡ. ಕರೆಯೂ ಒಂದು ಸಂದೇಶವಾಗಿ ಹೋಗುತ್ತದೆ. ಧ್ವನಿಯ ಚಿಪ್ ಮದರ್‌ಬೋರ್ಡಿಗೇ ಬಂದು, ಹಳೆಯ ಸ್ಲಾಟ್ 2000ದ ಸುಮಾರಿಗೆ ಸಾಮಾನ್ಯ ಪಿಸಿಗಳಿಂದ ಮರೆಯಾಗತೊಡಗಿತು. ಗಣಿಯ ಗಂಟೆಗಳೂ ಆಗಲೇ ನಿಂತವು. ಕೋಲಾರದ ಚಿನ್ನದ ಗಣಿಗಳನ್ನು ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅದೇ ದಶಕದ ಆರಂಭದಲ್ಲಿ ‘ಮಾಹಿತಿ ಸಿಂಧು’ ಯೋಜನೆ ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಗಳನ್ನು ತಂದಿತು.

ಹಾಗಾದರೆ ಜಂಪರ್ ಕಥೆ ಇಂದಿನ ವಿದ್ಯಾರ್ಥಿಗೆ ಏಕೆ? 2016ರಿಂದ ಶಾಲೆಗಳಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಂಥ ಕಡೆ ಮಕ್ಕಳು ಆರ್ಡುಯಿನೊ ಹಲಗೆಗೆ ಸಾಧನಗಳನ್ನು ಜೋಡಿಸುತ್ತಾರೆ. ಕಾಲ ತೋರಿಸುವ ಡಿಎಸ್1307 ಚಿಪ್ಪಿನ ವಿಳಾಸ 68. ಚಲನೆ ಅಳೆಯುವ ಎಂಪಿಯು6050 ಸಂವೇದಕದ ವಿಳಾಸವೂ, ಮೊದಲಿನ ಹೊಂದಿಕೆಯಲ್ಲಿ, 68. ಎರಡನ್ನೂ ಒಂದೇ ಜೋಡಿ ತಂತಿಗೆ ಸೇರಿಸಿದರೆ ಓದುವ ಅಂಕಿಗಳು ಅಸ್ತವ್ಯಸ್ತ. ಬಿಡಿಯಾಗಿ ನೋಡಿದರೆ ಎರಡೂ ಸರಿ! ಸಂವೇದಕದ ಎಡಿ0 ಎಂಬ ಕಾಲಿಗೆ ಮೇಲ್ಮಟ್ಟದ ವೋಲ್ಟತೆ ಕೊಟ್ಟರೆ ಅದರ ವಿಳಾಸ 69 ಆಗುತ್ತದೆ, ಜಗಳ ಮುಗಿಯುತ್ತದೆ. 1989ರ ಜಂಪರ್ ಮಾಡುತ್ತಿದ್ದುದು ಇದೇ ಕೆಲಸ.

ಗಣಕವೇ ಇರುವ ಶಾಲೆಯಲ್ಲಿ ಇನ್ನೊಂದು ಚಟುವಟಿಕೆ ಸಾಧ್ಯ. ಲಿನಕ್ಸ್ ವ್ಯವಸ್ಥೆಯಲ್ಲಿ ‘ಪ್ರೊಕ್’ ಕೋಶದೊಳಗಿನ ‘ಇಂಟರಪ್ಟ್ಸ್’ ಕಡತವನ್ನು ತೆರೆದರೆ ಯಾವ ಸಾಧನ ಎಷ್ಟು ಬಾರಿ ಕರೆದಿದೆಯೆಂಬ ಲೆಕ್ಕ ಕಾಣುತ್ತದೆ. ಒಂದು ಹಾಡು ಹಾಕಿ, ಕೆಲವು ಸೆಕೆಂಡು ಬಿಟ್ಟು ಮತ್ತೆ ನೋಡಿ. ಧ್ವನಿ ಸಾಧನದ ಸಾಲಿನಲ್ಲಿ ಎಣಿಕೆ ಏರಿದ್ದರೆ ಕರೆಗಂಟೆ ಬಾರಿಸಿದೆ ಎಂದೇ ಅರ್ಥ. ಎರಡು ಸಾಧನ ಜೋಡಿಸಿದಾಗ ಕೆಲಸ ನಿಂತರೆ ಯಾವುದನ್ನೂ ಎಸೆಯುವ ಮುನ್ನ ಒಂದು ಹಾಳೆ ತೆಗೆದು, ಯಾರು ಯಾವ ಸಂಖ್ಯೆ ಹಿಡಿದಿದ್ದಾರೆಂದು ಬರೆದುಕೊಳ್ಳಿ. ಕೆಟ್ಟಿರುವುದು ಸಾಧನವೋ ಹಂಚಿಕೆಯೋ ಎಂಬುದು ಆ ಹಾಳೆಯಲ್ಲಿ ಗೊತ್ತಾಗುತ್ತದೆ.